ಜಪಾನಿನಲ್ಲಿ ‘ದಿನವೂ ನಮ್ಮ ತಿಂಡಿ’ ಎಂಬ ಮಾತಿಗೆ ಹಣ ಕಟ್ಟಬೇಡಿ

ಬಂದು ಒಂದು ತಿಂಗಳಾಯಿತು, ಸಿಟ್ಟು ಇನ್ನೂ ಇಳಿದಿಲ್ಲ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಜಪಾನಿಗೆ ಹೋಗಲು ಹಣ ಕಟ್ಟುತ್ತಿರುವವರು ದಯವಿಟ್ಟು ಇದನ್ನು ಓದಿ. ಬೆಂಗಳೂರಿನ ಪ್ರವಾಸ ಏಜೆಂಟ್ ಒಬ್ಬರು ‘ಪ್ರತಿದಿನ ಬೆಳಿಗ್ಗೆ ದಕ್ಷಿಣ ಭಾರತದ ಶುದ್ಧ ಸಸ್ಯಾಹಾರಿ ತಿಂಡಿ’ ಎಂದು ಹೇಳಿ ತಲಾ ದಿನಕ್ಕೆ 1,200 ರೂಪಾಯಿ ಬೇರೆಯಾಗಿ ಕಟ್ಟಿಸಿಕೊಂಡರು. ನಾವು ನಾಲ್ಕು ಜನ, ಏಳು ಬೆಳಗು. 33,600 ರೂಪಾಯಿ. ಅಷ್ಟು ಹಣಕ್ಕೆ ನಮಗೆ ಸಿಕ್ಕಿದ್ದು ಮೂರು ದಿನ ತಣ್ಣಗಿನ ಇಡ್ಲಿ, ಆಮೇಲೆ ಮೀನಿನ ಸಾರು.

ಹೌದು, ಮೀನಿನ ಸಾರು. ಅಪ್ಪನಿಗೆ 71 ವರ್ಷ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು. ಅವರ ಕೈಗೆ ಆ ಬಟ್ಟಲನ್ನು ಎತ್ತಿಕೊಟ್ಟವಳು ನಾನು.

ತಿಂಡಿಗೆಂದು ಅಷ್ಟು ಹಣ ಯಾಕೆ ಕೊಟ್ಟಿರಿ ಎಂದು ಕೇಳಬಹುದು. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಬೆಳಿಗ್ಗೆ ಎಂಟರೊಳಗೆ ಏನಾದರೂ ತಿಂದು ಮಾತ್ರೆ ನುಂಗಲೇಬೇಕು. ಬೇರೆ ಯಾವುದರಲ್ಲಿ ಹೆಚ್ಚುಕಡಿಮೆಯಾದರೂ ಪರವಾಗಿಲ್ಲ, ಬೆಳಗಿನ ತಿಂಡಿಯಲ್ಲಿ ಮಾತ್ರ ಆಗಬಾರದು ಎಂದು ಏಜೆಂಟ್‌ಗೆ ಮೂರು ಸಲ ಹೇಳಿದ್ದೆ. ‘ನಮ್ಮ ಮನೆಯವರಂತೆ ನೋಡಿಕೊಳ್ಳುತ್ತೇವೆ ಮೇಡಂ’ ಎಂದಿದ್ದರು.

ಟೋಕಿಯೊದಲ್ಲಿ ಇಡ್ಲಿಯ ಡಬ್ಬಿ ಬರುತ್ತಿದ್ದುದು ಹಿಂದಿನ ರಾತ್ರಿ ಒಂಬತ್ತಕ್ಕೆ. ಕೇಳಿದಾಗ ಗೊತ್ತಾಯಿತು, ಅವರು ಮಾತಾಡಿಕೊಂಡಿದ್ದ ಭಾರತೀಯ ಹೋಟೆಲ್ ಬಾಗಿಲು ತೆರೆಯುವುದೇ ಬೆಳಿಗ್ಗೆ ಹನ್ನೊಂದಕ್ಕೆ. ಕೋಣೆಯಲ್ಲಿ ಫ್ರಿಜ್ ಇತ್ತು, ನೀರು ಕಾಯಿಸುವ ಕೆಟಲ್ ಇತ್ತು, ಇಡ್ಲಿ ಬಿಸಿ ಮಾಡಲು ಏನೂ ಇರಲಿಲ್ಲ. ಮೂಲೆಯ ಅಂಗಡಿಯವರು ತಾವು ಮಾರಿದ್ದನ್ನು ಮಾತ್ರ ಬಿಸಿ ಮಾಡಿಕೊಡುತ್ತಾರೆ. ಫ್ರಿಜ್ಜಿನಲ್ಲಿಟ್ಟ ಇಡ್ಲಿ ಬೆಳಗಾಗುವಷ್ಟರಲ್ಲಿ ರಬ್ಬರಿನಂತಾಗುತ್ತಿತ್ತು. ಅಪ್ಪ ಬಿಸಿನೀರಿನಲ್ಲಿ ಅದ್ದಿಕೊಂಡು ತಿಂದರು. ಏಜೆಂಟ್ ಹೇಳಿದ್ದು: ‘ಇಡ್ಲಿ ಕೊಟ್ಟಿದ್ದೇವಲ್ಲ ಮೇಡಂ.’ ಅದನ್ನೂ ನುಂಗಿಕೊಂಡೆವು.

ಕ್ಯೋಟೊದಲ್ಲಿ ಇಳಿದುಕೊಂಡದ್ದು ರ‍್ಯೋಕಾನ್ ಎನ್ನುವ ಹಳೆಯ ಬಗೆಯ ವಸತಿಗೃಹದಲ್ಲಿ. ಅಲ್ಲಿ ಇಡ್ಲಿಯ ಸುದ್ದಿಯೇ ಇಲ್ಲ. ‘ಅಲ್ಲಿ ಜಪಾನಿ ಸಸ್ಯಾಹಾರಿ ತಿಂಡಿ, ನಿಮಗೆ ಒಳ್ಳೆಯ ಅನುಭವ’ ಎಂದು ಸಂದೇಶ ಬಂತು. ಮೊದಲ ಬೆಳಿಗ್ಗೆ ಅನ್ನ, ತೋಫು, ಉಪ್ಪಿನಕಾಯಿ, ಹುದುಗಿಸಿದ ಸೋಯಾ ಕಾಳಿನ ಮಿಸೊ ಸಾರು, ಜೊತೆಗೆ ಸುಟ್ಟ ಸಾಲ್ಮನ್ ಮೀನಿನ ತುಂಡು. ಎದೆ ಧಸಕ್ ಎಂದಿತು. ಬೆಂಗಳೂರಿನಲ್ಲಿ ಆಗ ಬೆಳಗಿನ ಜಾವ ನಾಲ್ಕು ಗಂಟೆ, ಫೋನ್ ಎತ್ತಲಿಲ್ಲ. ಅಪ್ಪ ಅಮ್ಮ ಆ ದಿನ ಬರಿಯ ಅನ್ನ ತಿಂದರು. ಮಧ್ಯಾಹ್ನ ಉತ್ತರ ಬಂತು: ‘ಮೀನು ತಪ್ಪಿ ಬಂದಿದೆ ಮೇಡಂ, ಹೇಳಿದ್ದೇನೆ. ಉಳಿದದ್ದೆಲ್ಲ ಶುದ್ಧ ಸಸ್ಯಾಹಾರ, ಧೈರ್ಯವಾಗಿ ತಿನ್ನಿ.’

ಧೈರ್ಯವಾಗಿ ತಿನ್ನಿ! ಆ ಸಂದೇಶ ನನ್ನ ಮೊಬೈಲಿನಲ್ಲಿ ಇನ್ನೂ ಇದೆ.

ಮರುದಿನ ಮೀನು ಇರಲಿಲ್ಲ. ‘ಸೋಯಾ ಕಾಳಿನ ಸಾರು ಅಪ್ಪ, ಬಿಸಿಯಾಗಿದೆ, ಕುಡಿಯಿರಿ’ ಎಂದು ನಾನೇ ಕೊಟ್ಟೆ. ನಾಲ್ಕು ದಿನಗಳ ನಂತರ ಬಾಯಿಗೆ ಬಿಸಿ ಬಿದ್ದಿತ್ತು, ಅವರ ಮುಖ ಅರಳಿತು. ಇನ್ನೊಂದು ಬಟ್ಟಲು ಕೇಳಿದರು. ಇದನ್ನು ಹೇಗೆ ಮಾಡುತ್ತಾರೆ ಕೇಳೆಂದು ಅಮ್ಮ ಹೇಳಿದ್ದಕ್ಕೆ ಮೊಬೈಲಿನ ಅನುವಾದದಲ್ಲಿ ಕೇಳಿದೆ. ಮನೆಯೊಡತಿಗೆ ಬಹಳ ಸಂತೋಷವಾಯಿತು. ಒಳಗೆ ಹೋಗಿ ಒಂದು ದೊಡ್ಡ ಪೊಟ್ಟಣ ತಂದು ತೋರಿಸಿದರು. ಬಡಗಿ ಕೀಸುಳಿ ಹಾಕಿದಾಗ ಉದುರುವ ಮರದ ಸಿಪ್ಪೆಯಂತೆ ತೆಳ್ಳಗೆ, ನಸುಗೆಂಪಾಗಿ ಏನೋ ಇತ್ತು. ಪೊಟ್ಟಣದ ಮೇಲೆ ಮೀನಿನ ಚಿತ್ರ.

ಅದು ಕಟ್ಸುವೊಬುಶಿ. ಬೊನಿಟೊ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು ಒಣಗಿಸಿ ಹೆರೆದದ್ದು. ಅದನ್ನು ನೀರಿಗೆ ಹಾಕಿ ಸೋಸಿದರೆ ದಾಶಿ ಎಂಬ ತಿಳಿಸಾರು. ಮಿಸೊ ಸಾರಿಗೆ, ನೂಡಲ್ಸಿನ ಸಾರಿಗೆ, ತರಕಾರಿ ಬೇಯಿಸಲು ಸಾಮಾನ್ಯವಾಗಿ ಅದೇ ಬುಡ. ಕಣ್ಣಿಗೆ ಮೀನು ಕಾಣುವುದೇ ಇಲ್ಲ.

ನಮ್ಮ ಮುಖ ನೋಡಿ ಆಕೆ ಗಾಬರಿಯಾದರು. ಓಡಿಹೋಗಿ ಬುಕಿಂಗ್ ಚೀಟಿ ತಂದರು. ಅದರಲ್ಲಿ ಇದ್ದದ್ದು ಒಂದೇ ಮಾತು: ‘ನಿಕು ಬೇಡ.’ ನಿಕು ಎಂದರೆ ಮಾಂಸ. ಅವರ ಮಾತಿನಲ್ಲಿ ಮೀನು ಅದರೊಳಗೆ ಬರುವುದಿಲ್ಲ. 33,600 ರೂಪಾಯಿ ತೆಗೆದುಕೊಂಡವರು ಮಾಡಿದ ಕೆಲಸ ಆ ಒಂದು ಸಾಲು ಬರೆದದ್ದು! ಸಾಲ್ಮನ್ ಬಂದ ದಿನ ‘ಹೇಳಿದ್ದೇನೆ’ ಎಂದದ್ದೂ ಸುಳ್ಳು. ಅವರಿಂದ ಯಾರೂ ಕರೆ ಮಾಡಿರಲಿಲ್ಲ. ನಾವು ಮೀನನ್ನು ಮುಟ್ಟದೆ ಬಿಟ್ಟದ್ದನ್ನು ಕಂಡು ಆಕೆಯೇ ಮರುದಿನ ಇಟ್ಟಿರಲಿಲ್ಲ.

ಅಪ್ಪ ಒಂದು ಮಾತೂ ಆಡಲಿಲ್ಲ. ಎದ್ದು ಹೋಗಿ ಸ್ನಾನ ಮಾಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಆಕೆ ಎಷ್ಟು ಸಲ ತಲೆಬಾಗಿಸಿದರೋ ಲೆಕ್ಕವಿಲ್ಲ. ಮೂರನೆಯ ಬೆಳಿಗ್ಗೆ ‘ಕೊಂಬು’ ಎಂಬ ಕಡಲಪಾಚಿಯೊಂದರಿಂದಲೇ ಬೇರೆ ಸಾರು ಮಾಡಿ ತಂದರು. ಅಪ್ಪ ಕೈಮುಗಿದರು, ಕುಡಿಯಲಿಲ್ಲ. ಉಳಿದ ದಿನಗಳಲ್ಲಿ ಅವರ ತಿಂಡಿ ಬಾಳೆಹಣ್ಣು ಮತ್ತು ಹಾಲು.

ಏಜೆಂಟ್ ಉತ್ತರಗಳನ್ನು ಇದ್ದ ಹಾಗೆಯೇ ಬರೆಯುತ್ತೇನೆ. ಮೊದಲು: ‘ಮಾಂಸ ಹಾಕಿಲ್ಲವಲ್ಲ ಮೇಡಂ.’ ಆಮೇಲೆ: ‘ಬಟ್ಟಲಿನಲ್ಲಿ ಮೀನಿನ ತುಂಡು ಸಿಕ್ಕಿತೇ? ಫೋಟೊ ಇದ್ದರೆ ಕಳುಹಿಸಿ.’ ಆಮೇಲೆ: ‘ಆ ದೇಶದಲ್ಲಿ ಇದು ಸಹಜ, ಸ್ವಲ್ಪ ಹೊಂದಿಕೊಳ್ಳಬೇಕು. ಇದುವರೆಗೆ ನಮ್ಮ ಗ್ರಾಹಕರು ಯಾರೂ ದೂರಿಲ್ಲ.’ ಯಾರೂ ದೂರಿಲ್ಲ ಎಂದರೆ ಯಾರಿಗೂ ಗೊತ್ತಾಗಿಲ್ಲ ಎಂದರ್ಥ. ಎಷ್ಟು ಮನೆಯ ಹಿರಿಯರು ಹೀಗೆ ನಂಬಿ ಕುಡಿದು ಬಂದಿದ್ದಾರೋ! ಕೊನೆಗೆ ರಸೀದಿಯ ಹಿಂಭಾಗದ ಸಣ್ಣ ಅಕ್ಷರ ತೋರಿಸಿದರು: ‘ಸ್ಥಳೀಯ ಲಭ್ಯತೆಗೆ ಒಳಪಟ್ಟು.’ ಮುಂದಿನ ಪ್ರವಾಸಕ್ಕೆ 5,000 ರೂಪಾಯಿ ರಿಯಾಯಿತಿಯಂತೆ. ಮುಂದಿನ ಪ್ರವಾಸ, ಇವರ ಜೊತೆ!

ಹೋಗುವವರು ತಿಂಡಿಗೆಂದು ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ. ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿ ಪೊಟ್ಟಣಗಳನ್ನು ಇಲ್ಲಿಂದಲೇ ಒಯ್ಯಿರಿ, ಕೆಟಲ್ ಸಾಮಾನ್ಯವಾಗಿ ಕೋಣೆಯಲ್ಲಿಯೇ ಇರುತ್ತದೆ. ನಮ್ಮ ಮನೆಯ ಕರೆಂಟಿನ ಕುಕ್ಕರ್ ಒಯ್ದು ಪ್ರಯೋಜನವಿಲ್ಲ, ಅಲ್ಲಿ ವಿದ್ಯುತ್ತು ನಮ್ಮದಕ್ಕಿಂತ ಕಡಿಮೆ, 100 ವೋಲ್ಟ್ ಮಾತ್ರ. ‘ಮಾಂಸ ಬೇಡ’ ಎಂದು ಬರೆಸಿದರೆ ಸಾಲದು. ಮೀನು ಬೇಡ, ಕಟ್ಸುವೊಬುಶಿ ಬೇಡ, ಮೀನಿನ ದಾಶಿ ಬೇಡ ಎಂದು ಜಪಾನಿ ಭಾಷೆಯಲ್ಲಿ ಬರೆಸಿ, ವಸತಿಗೃಹದವರಿಗೆ ನೀವೇ ಕಳುಹಿಸಿ. ಅಲ್ಲಿ ಕೊಳ್ಳುವ ತಿನಿಸಿನ ಪೊಟ್ಟಣದ ಮೇಲಿನ ಅಲರ್ಜಿ ಪಟ್ಟಿಯನ್ನು ನಂಬಬೇಡಿ. ಕಡ್ಡಾಯದ ಪಟ್ಟಿಯಲ್ಲಿ ಸಿಗಡಿ, ಏಡಿ, ಮೊಟ್ಟೆ, ಹಾಲು ಇವೆ, ಬೊನಿಟೊ ಇಲ್ಲ. ಉಮೆ ಹುಳಿಕಾಯಿ ಇಟ್ಟ ಅನ್ನದ ಉಂಡೆಯಲ್ಲೂ ಕೆಲವು ಕಡೆ ಬೊನಿಟೊ ರಸ ಸೇರಿರುತ್ತದೆ. ಕೋಯಾಸಾನ್ ಬೆಟ್ಟದ ದೇವಾಲಯಗಳಲ್ಲಿ ಉಳಿದುಕೊಂಡರೆ ಮೀನಿಲ್ಲದ, ಶೋಜಿನ್ ಎಂಬ ಬೌದ್ಧ ಮಠದ ಅಡುಗೆಯನ್ನೇ ಬೆಳಗಿನ ಊಟಕ್ಕೂ ಬಡಿಸುತ್ತಾರೆ. ನಮ್ಮ ಊರುಗಳ ಪಟ್ಟಿಯಲ್ಲಿ ಆ ಹೆಸರನ್ನೇ ಏಜೆಂಟ್ ಸೇರಿಸಿರಲಿಲ್ಲ.

ಹಣ ವಾಪಸು ಬೇಕೆಂದು ಹನ್ನೆರಡು ದಿನದ ಹಿಂದೆ ಕೊನೆಯ ಸಂದೇಶ ಕಳುಹಿಸಿದೆ. ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಬಂದಿಲ್ಲ. ಅದೇ ಸಂಜೆ ಅವರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಮುಂದಿನ ತಂಡದ ಜಾಹೀರಾತು ಇತ್ತು, ಮೇಲೆ ಹಬೆಯಾಡುವ ಇಡ್ಲಿಯ ಚಿತ್ರ.