ಮಗ್ಗದ ಶೆಡ್ಡಿಗೆ ಗ್ಲಾಸ್‌ವೂಲ್: ಮೂರು ಬೇಸಿಗೆ ಕಳೆದ ಮೇಲೆ

ನಮ್ಮದು ಬನಹಟ್ಟಿಯಲ್ಲಿ ಹದಿನಾರು ಪವರ್‌ಲೂಮ್ ಇರುವ ಶೆಡ್. 40 ಅಡಿ ಅಗಲ, 60 ಅಡಿ ಉದ್ದ, ಮೇಲೆ 0.47 ಎಂಎಂ ಕಲರ್ ಪತ್ರಾಸ್, ಅಂದರೆ ಬಣ್ಣದ ತಗಡು. 2021ರಲ್ಲಿ ಕಟ್ಟಿಸಿದ್ದು. ಅದರ ಕೆಳಗೆ ಎರಡು ಸಲ ಶಾಖ ತಡೆಯುವ ಇನ್ಸುಲೇಷನ್ ಹಾಕಿಸಿದ್ದೇನೆ. ಮೊದಲನೆಯದು ಬಬಲ್ ಶೀಟ್, ಅಂದರೆ ಗಾಳಿಗುಳ್ಳೆಯ ಪ್ಲಾಸ್ಟಿಕ್‌ಗೆ ಎರಡೂ ಬದಿ ಹೊಳೆಯುವ ಅಲ್ಯುಮಿನಿಯಂ ಫಾಯಿಲ್ ಅಂಟಿಸಿದ್ದು, ಎರಡು ವರ್ಷವೂ ಬಾಳಲಿಲ್ಲ. ಎರಡನೆಯದು 50 ಎಂಎಂ ದಪ್ಪದ ಗ್ಲಾಸ್‌ವೂಲ್, ಅಂದರೆ ಗಾಜಿನ ಎಳೆಯ ಉಣ್ಣೆ, ಒಂದು ಮುಖಕ್ಕೆ ಫಾಯಿಲ್. 2023ರ ಜನವರಿಯಲ್ಲಿ ಹಾಕಿಸಿದ್ದು, ಮೂರು ಬೇಸಿಗೆ, ಮೂರು ಮಳೆಗಾಲ ಕಂಡಿದೆ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ.

ಮಗ್ಗದವರಿಗೆ ಬಿಸಿಲು ಅಂದರೆ ಬರೀ ಬೆವರಲ್ಲ. ಹತ್ತಿ ನೂಲಿಗೆ ಗಾಳಿಯಲ್ಲಿ ತೇವ ಬೇಕು. ಶೆಡ್ ಕಾದಷ್ಟೂ ಗಾಳಿ ಒಣಗುತ್ತದೆ, ಹಾಸಿನ (ಮಗ್ಗದ ಉದ್ದ ನೂಲಿನ) ಎಳೆ ಪಟಪಟ ಕಡಿಯುತ್ತದೆ. ಎಳೆ ಕಡಿದರೆ ಮಗ್ಗ ನಿಂತಿತು, ನೇಕಾರನ ಕೂಲಿಯೂ ನಿಂತಿತು. ನಮ್ಮ ಅಪ್ಪ ಹಳೆ ಶೆಡ್ಡಿನಲ್ಲಿದ್ದಾಗ ಮಾರ್ಚ್ ಬಂತೆಂದರೆ ಪತ್ರಾಸಿನ ಮೇಲೆ ಸುಣ್ಣ ಬಳಿಸುತ್ತಿದ್ದರು, ನೆಲಕ್ಕೆ ನೀರು ಹೊಡೆಸುತ್ತಿದ್ದರು. ಸುಣ್ಣದಿಂದ ಕಾವು ಇಳಿಯುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಒಂದು ದೊಡ್ಡ ಮಳೆ ಬಿದ್ದರೆ ಅರ್ಧ ತೊಳೆದು ಹೋಗುತ್ತಿತ್ತು. ಮುಂದಿನ ವರ್ಷ ಮತ್ತೆ ಏಣಿ ಹತ್ತುವ ಕೆಲಸ.

ಬಬಲ್ ಶೀಟ್ ಮಾರಲು ಬಂದವನ ಕೈಯಲ್ಲಿ ಒಂದು ಟೆಂಪರೇಚರ್ ಗನ್ ಇತ್ತು. ಅವನು ಹಾಕಿದ್ದ ಇನ್ನೊಂದು ಶೆಡ್ಡಿಗೆ ಕರೆದುಕೊಂಡು ಹೋದ. ಮೊದಲು ಖಾಲಿ ಪತ್ರಾಸಿಗೆ ಗನ್ ಹಿಡಿದ, 58 ಡಿಗ್ರಿ. ಹೊಳೆಯುವ ಫಾಯಿಲ್‌ಗೆ ಹಿಡಿದ, 35! "ನೋಡ್ರಿ ಸರ್, ನೀವ ನೋಡ್ರಿ" ಅಂದ. ನಾನು ಅಲ್ಲೇ ಅಡ್ವಾನ್ಸ್ ಕೊಟ್ಟೆ.

ಆ ಗನ್ನಿನ ಆಟ ನನಗೆ ತಿಳಿದಿದ್ದು ಒಂದು ವರ್ಷದ ಮೇಲೆ. ಗನ್ ಓದುವುದು ವಸ್ತುವಿನಿಂದ ಬರುವ ಶಾಖದ ಕಿರಣವನ್ನು. ಹೊಳೆಯುವ ಅಲ್ಯುಮಿನಿಯಂ ತಾನು ಬಿಡುವ ಕಿರಣ ಬಹಳ ಕಡಿಮೆ, ಕನ್ನಡಿಯ ಹಾಗೆ ಎದುರಿಗಿರುವುದನ್ನೇ ತೋರಿಸುತ್ತದೆ. ಅಂದರೆ ಅವತ್ತು ನಾನು ನೋಡಿದ 35 ಬಹುಪಾಲು ಕೆಳಗಿನ ನೆಲದ ಶಾಖ! ಸರಿಯಾಗಿ ಅಳೆಯಬೇಕಾದರೆ ಫಾಯಿಲ್ ಮೇಲೆ ಒಂದು ಅಂಗೈಯಷ್ಟು ಕರಿ ಇನ್ಸುಲೇಷನ್ ಟೇಪ್ ಅಂಟಿಸಿ, ಹತ್ತು ನಿಮಿಷ ಬಿಟ್ಟು, ಆ ಟೇಪಿಗೆ ಗನ್ ಹಿಡಿಯಬೇಕು. ನಾನೇ ಒಂದು ಗನ್ ಕೊಂಡು ಹಾಗೆ ಮಾಡಿದೆ. 2022ರ ಏಪ್ರಿಲ್, ಮಧ್ಯಾಹ್ನ ಎರಡೂವರೆ. ನಮ್ಮ ಬಬಲ್ ಶೀಟ್ 48 ತೋರಿಸಿತು.

ಹಾಗಂತ ಬಬಲ್ ಶೀಟ್ ಮೋಸದ ಮಾಲು ಅಂತ ನಾನು ಹೇಳುವುದಿಲ್ಲ. ಮೊದಲ ಬೇಸಿಗೆ ಚೆನ್ನಾಗೇ ಇತ್ತು. ತಪ್ಪು ಎರಡು ಕಡೆ ಆಯ್ತು. ಒಂದು, ಹಾಕಿದವರು ಅದನ್ನು ಪತ್ರಾಸಿಗೆ ಒತ್ತಿ ಬಿಗಿದಿದ್ದರು. ಫಾಯಿಲ್ ಕೆಲಸ ಮಾಡಲು ಪಕ್ಕದಲ್ಲಿ ಒಂದು ಇಂಚಿನಷ್ಟಾದರೂ ಖಾಲಿ ಗಾಳಿ ಇರಬೇಕು. ಕಾದ ತಗಡಿಗೆ ತಾಗಿದರೆ ಮೇಲ್ಬದಿಯ ಫಾಯಿಲ್ ಇದ್ದೂ ಇಲ್ಲದ ಹಾಗೆ. ಇನ್ನೊಂದು ನಮ್ಮ ಕಸುಬಿನದೇ. ಮಗ್ಗದ ಶೆಡ್ಡಿನಲ್ಲಿ ಹತ್ತಿ ಧೂಳು ಹಾರದ ಗಳಿಗೆ ಇಲ್ಲ. ಅದಕ್ಕೆ ಎಣ್ಣೆ, ತೇವ ಸೇರಿ ಕೆಳಬದಿಯ ಹೊಳಪಿನ ಮೇಲೆ ಬೂದು ಪದರ ಕೂತುಬಿಟ್ಟಿತು. ಹೊಳಪು ಹೋದ ಫಾಯಿಲ್‌ನಲ್ಲಿ ಉಳಿಯುವುದು ತೆಳ್ಳನೆ ಪ್ಲಾಸ್ಟಿಕ್ ಅಷ್ಟೇ. ಹದಿನೆಂಟು ತಿಂಗಳಿಗೆ ಜಾಯಿಂಟಿನ ಟೇಪ್ ಬಿಟ್ಟು, ನಡುವೆ ಜೋಲಿಯ ಹಾಗೆ ಇಳಿಬಿತ್ತು. ಹಾಕಿದವರಿಗೆ ನಾಲ್ಕು ಸಲ ಫೋನ್ ಮಾಡಿದೆ. ಐದನೇ ಸಲ ಮಾಡಲಿಲ್ಲ.

ಎರಡನೇ ಸಲ ನಾನು ಅವಸರ ಮಾಡಲಿಲ್ಲ. ಬಂದ ಸ್ಯಾಂಪಲ್‌ಗಳನ್ನೆಲ್ಲ ಶೆಡ್ಡಿನ ಹಿಂದೆ ಬಯಲಲ್ಲಿಟ್ಟು ಕಡ್ಡಿ ಗೀರಿ ಹಚ್ಚಿ ನೋಡಿದೆ. ಹತ್ತಿ ಧೂಳು, ಹಳೇ ವೈರಿಂಗ್, ಮೋಟಾರಿನ ಕಿಡಿ ಮೂರೂ ಇರುವ ಜಾಗ ನಮ್ಮದು, ಈ ಪರೀಕ್ಷೆ ಬೇಕೇ ಬೇಕು. ಬಬಲ್ ಶೀಟ್ ಕರಗಿ, ಉರಿಯುತ್ತಲೇ ಹನಿಹನಿಯಾಗಿ ಬಿತ್ತು. ಆ ಹನಿ ನೂಲು ಸುತ್ತಿದ ಬೀಮ್ ಮೇಲೆ ಬಿದ್ದರೆ ಗತಿ ಏನು? ಪಫ್ ಪ್ಯಾನೆಲ್ ಅಂದರೆ ಎರಡು ತಗಡಿನ ನಡುವೆ ಫೋಮ್ ತುಂಬಿದ ಹಲಗೆ, ಅದರ ಒಳಗಿನ ಫೋಮ್ ಕಪ್ಪಾಗಿ ಕೆಟ್ಟ ಹೊಗೆ ಬಿಟ್ಟಿತು. ಗ್ಲಾಸ್‌ವೂಲಿನಲ್ಲಿ ಮೇಲಿನ ಫಾಯಿಲಿನ ಅಂಟು ಒಂದು ಕ್ಷಣ ಸುಟ್ಟಿತು, ಉಣ್ಣೆ ಹಾಗೇ ಉಳಿಯಿತು. ಅದು ಗಾಜಿನ ಎಳೆ, ಉರಿಯುವುದು ಎಲ್ಲಿಂದ ಬರಬೇಕು.

ದಪ್ಪಕ್ಕೆ ದಪ್ಪ ಹೋಲಿಸಿದರೆ ಪಫ್ ಎಲ್ಲಕ್ಕಿಂತ ಗಟ್ಟಿ, ಒಪ್ಪುತ್ತೇನೆ. 50 ಎಂಎಂ ಪಫ್ ತಡೆಯುವಷ್ಟು ಶಾಖ ತಡೆಯಲು ಗ್ಲಾಸ್‌ವೂಲ್ ಸುಮಾರು ಒಂದೂವರೆ ಪಟ್ಟು ದಪ್ಪ ಬೇಕು. ತಿಕೋಟಾದಲ್ಲಿ ನಮ್ಮ ಸೋದರಮಾವ ಒಣದ್ರಾಕ್ಷಿ ಇಡುವ ತಂಪು ಕೋಣೆಗೆ ಅದನ್ನೇ ಹಾಕಿಸಿದ್ದಾರೆ. ಎಸಿ ಓಡುವ ಜಾಗ, ಅಲ್ಲಿಗೆ ಅದೇ ಸರಿ. ನನಗೆ ಪಫ್ ಕೊಟೇಶನ್ ಮೂರು ಲಕ್ಷ ದಾಟಿತು, ಮೇಲಿನ ಪತ್ರಾಸ್ ಬಿಚ್ಚಬೇಕಿತ್ತು. ಗ್ಲಾಸ್‌ವೂಲ್‌ಗೆ ತಂತಿ ಜಾಲಿ, ಟೇಪ್, ಕೂಲಿ ಎಲ್ಲ ಸೇರಿ ಚದರ ಅಡಿಗೆ 36 ರೂಪಾಯಿ ಬಿತ್ತು, ಒಟ್ಟು ಸುಮಾರು 90 ಸಾವಿರ.

ಕೊಳ್ಳುವಾಗ ದಪ್ಪದ ಜೊತೆಗೆ ಡೆನ್ಸಿಟಿ, ಅಂದರೆ ಉಣ್ಣೆ ಎಷ್ಟು ಒತ್ತಾಗಿದೆ ಅಂತ, ಕೇಳಿ. ನಾನು ಹೇಳಿದ್ದು ಘನ ಮೀಟರಿಗೆ 24 ಕೆಜಿಯದು. ಬಂದ ರೋಲ್ 1.2 ಮೀಟರ್ ಅಗಲ, 15 ಮೀಟರ್ ಉದ್ದ. ಲೆಕ್ಕ ಹಾಕಿದರೆ ಒಂದು ರೋಲ್ 21 ಕೆಜಿಗಿಂತ ಜಾಸ್ತಿ ತೂಗಬೇಕು. ನೂಲು ತೂಗುವ ಕಾಟಾದ ಮೇಲಿಟ್ಟರೆ ಹದಿನೈದೂ ಇರಲಿಲ್ಲ! ಅದು 16 ಕೆಜಿ ಡೆನ್ಸಿಟಿಯ ಮಾಲು. ಗಾಡಿಯಿಂದ ಇಳಿಸದೆ ವಾಪಸ್ ಕಳಿಸಿದೆ. ಡ್ರೈವರ್ ಗೊಣಗಿದ, ಚಹಾ ಕುಡಿಸಿ ಕಳಿಸಿದೆ. ನಾಲ್ಕು ದಿನಕ್ಕೆ ಸರಿಯಾದ ಮಾಲು ಬಂತು.

ಶೆಡ್ ಮೊದಲೇ ನಿಂತಿದ್ದರಿಂದ ಕೆಳಗಿನಿಂದ ಹಾಕಿಸಿದೆವು. ಪರ್ಲಿನ್‌ಗಳ (ಪತ್ರಾಸ್ ಹೊರುವ ಅಡ್ಡ ಕಬ್ಬಿಣಗಳ) ಅಡಿಗೆ ಜಿಐ, ಅಂದರೆ ಸತು ಬಳಿದ ತಂತಿಯ ಜಾಲಿ, ಅದರ ಮೇಲೆ ಗ್ಲಾಸ್‌ವೂಲ್, ಫಾಯಿಲ್ ಮುಖ ಕೆಳಗೆ. ಇದರಲ್ಲಿ ಒಂದು ಲಾಭ ಸಿಕ್ಕಿತು. ಪತ್ರಾಸ್ ಬಿಗಿಯುವ ಮೊದಲು ಮೇಲಿಂದ ಹಾಸಿದರೆ ಪ್ರತಿ ಪರ್ಲಿನ್ ಮೇಲೆ ಉಣ್ಣೆ ಚಪ್ಪಟೆಯಾಗುತ್ತದೆ, ಆ ಗೆರೆಯುದ್ದಕ್ಕೂ ಶಾಖ ಇಳಿಯುತ್ತದೆ. ನಮ್ಮಲ್ಲಿ ಎಲ್ಲೂ ಚಪ್ಪಟೆಯಾಗಿಲ್ಲ. ಆರು ದಿನ ಮಗ್ಗ ನಿಲ್ಲಿಸಿ, ತಾಡಪತ್ರಿ ಹೊದಿಸಿದ್ದೆವು. ಆದರೂ ಗಾಜಿನ ಪುಡಿ ಬಿತ್ತು, ಒಂದು ವಾರ ಎಲ್ಲರಿಗೂ ಕುತ್ತಿಗೆ ತುರಿಕೆ. ಕೆಲಸದವರಿಗೆ ಮಾಸ್ಕ್, ತುಂಬು ತೋಳಿನ ಅಂಗಿ ಇಲ್ಲದೆ ಮೇಲೆ ಹತ್ತಲು ಬಿಡಬೇಡಿ.

ಈಗ ಫಲಿತಾಂಶ. ಕಳೆದ ಏಪ್ರಿಲ್‌ನಲ್ಲಿ ಹೊರಗೆ ನೆರಳಲ್ಲಿ 41 ಇದ್ದಾಗ, ಇನ್ಸುಲೇಷನ್ ಇಲ್ಲದ ಗೋಡೌನ್ ಮೂಲೆಯ ಪತ್ರಾಸ್ 62. ಗ್ಲಾಸ್‌ವೂಲಿನ ಕೆಳಬದಿ, ಕರಿ ಟೇಪ್ ಅಂಟಿಸಿ ಅಳೆದದ್ದು, 42. ಇಲ್ಲೂ ಫಾಯಿಲ್ ಮೇಲೆ ಧೂಳು ಕೂತಿದೆ. ಆದರೆ ತಡೆಯುವುದು ದಪ್ಪ ಉಣ್ಣೆ, ಹೊಳಪಿನ ಮೇಲೆ ಅದರ ಜೀವ ನಿಂತಿಲ್ಲ. ತಲೆಯ ಮೇಲೆ ಕಾದ ಹಂಚು ಇಟ್ಟ ಹಾಗೆ ಆಗುತ್ತಿದ್ದದ್ದು ಪೂರ್ತಿ ನಿಂತಿತು. "ಮಾಲಕರ, ಈಗ ಮಧ್ಯಾಹ್ನದಾಗೂ ಎಳಿ ಕಡಿಯೂದು ಕಡಿಮಿ ಆಗೈತ್ರಿ" ಅಂತ ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ನೇಕಾರರು ಹೇಳಿದಾಗ ನನಗೆ ಗನ್ನಿಗಿಂತ ಜಾಸ್ತಿ ನಂಬಿಕೆ ಬಂತು.

ಆದರೆ ಎಸಿ ಸಿಕ್ಕಿತು ಅಂದುಕೊಳ್ಳಬೇಡಿ. ಹೊರಗಿನ ನೆರಳಿಗಿಂತ ಒಳಗೆ ತಂಪಾಗುವುದಿಲ್ಲ. ಹದಿನಾರು ಮೋಟಾರಿನ ಕಾವು ಒಳಗೇ ಇರುತ್ತದೆ. ಸಂಜೆ ಒಂದು ಉಲ್ಟಾ ಕಥೆ ಬೇರೆ. ಮೊದಲು ಏಳು ಗಂಟೆಗೆಲ್ಲ ಪತ್ರಾಸ್ ತಣ್ಣಗಾಗಿ ಶೆಡ್ ಆರುತ್ತಿತ್ತು. ಈಗ ಒಳಗಿನ ಕಾವು ಮೇಲಿಂದ ಹೋಗುವುದಿಲ್ಲ, ಒಂಬತ್ತರವರೆಗೆ ಬೆಚ್ಚಗೇ ಇರುತ್ತದೆ. ಅದಕ್ಕೆ ಆಮೇಲೆ ಮೇಲೆ ಎರಡು ಟರ್ಬೋ ವೆಂಟಿಲೇಟರ್ ಕೂರಿಸಿದೆ, ಗಾಳಿಗೆ ತಿರುಗಿ ಒಳಗಿನ ಕಾವು ಹೊರಗೆ ಬಿಡುವಂಥದ್ದು. ಮೊದಲೇ ಕೂರಿಸಬೇಕಿತ್ತು.

ನಾನು ನಿರೀಕ್ಷೆ ಮಾಡದ ಲಾಭ ಬಂದದ್ದು ಚಳಿಗಾಲದಲ್ಲಿ. ನಾವು ನೆಲಕ್ಕೆ ನೀರು ಹೊಡೆಯುವವರು. ಜನವರಿ ರಾತ್ರಿ ಆಕಾಶ ತಿಳಿಯಾಗಿದ್ದರೆ ಪತ್ರಾಸ್ ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಒಳಗಿನ ತೇವ ಅದಕ್ಕೆ ತಾಗಿ ಬೆಳಗಿನ ಜಾವ ಹನಿಯುತ್ತದೆ. ಸ್ಕ್ರೂ ಇರುವ ಕಡೆ ತುಕ್ಕಿನ ಹನಿ. ಸೀರೆಯ ಮೇಲೆ ಒಂದು ಕೆಂಪು ಚುಕ್ಕೆ ಬಿದ್ದರೆ ವ್ಯಾಪಾರಿ ಬಿಲ್ಲಿನಲ್ಲಿ ಕತ್ತರಿ ಹಾಕುತ್ತಾನೆ. ಫಾಯಿಲ್ ಕೆಳಗೆ ಬಂದು, ಜಾಯಿಂಟಿಗೆಲ್ಲ ಅಲ್ಯುಮಿನಿಯಂ ಟೇಪ್ ಹಚ್ಚಿದ ಮೇಲೆ ಆ ತೇವ ಪತ್ರಾಸ್ ಮುಟ್ಟುವುದೇ ನಿಂತಿತು. ಮೂರು ಚಳಿಗಾಲದಲ್ಲಿ ಒಂದೂ ಚುಕ್ಕೆ ಬಿದ್ದಿಲ್ಲ. ಮಳೆಯ ಸದ್ದೂ ತಗ್ಗಿದೆ. ಮಗ್ಗದ ಸದ್ದು? ಬೀದಿಯಲ್ಲಿ ನಿಂತರೆ ಸ್ವಲ್ಪ ಕಡಿಮೆ, ಮಗ್ಗದ ಮುಂದೆ ನಿಂತರೆ ಅದೇ ಖಟಖಟ.

ಕಟ್ ಆದ ಆ ಒಂದು ಸ್ಟಾರ್‌ಗೆ ಕಾರಣ ನೀರು. 2024ರ ಮಳೆಗಾಲದಲ್ಲಿ ಒಂದು ಸ್ಕ್ರೂವಿನ ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಸೀಳಿತ್ತು. ನೀರು ಸದ್ದಿಲ್ಲದೆ ಉಣ್ಣೆಗೆ ಇಳಿದು, ತಿಂಗಳ ಮೇಲೆ ಕಂದು ಕಲೆ ಕಂಡಿತು. ಮುಟ್ಟಿದರೆ ನೆನೆದ ಕೌದಿಯಷ್ಟು ಭಾರ. ಒದ್ದೆಯಾದ ಗ್ಲಾಸ್‌ವೂಲ್ ಶಾಖ ತಡೆಯುವುದಿಲ್ಲ. ಫಾಯಿಲ್ ಒಳಗೆ ಅದು ಬೇಗ ಒಣಗುವುದೂ ಇಲ್ಲ. ಎಂಟು ಅಡಿ ಕತ್ತರಿಸಿ ಹೊಸದು ಹಾಕಿದೆವು. ಬರೀ ಪತ್ರಾಸ್ ಇದ್ದಾಗ ಸೋರಿದರೆ ಅದೇ ದಿನ ಗೊತ್ತಾಗುತ್ತಿತ್ತು. ಈಗ ಮೇ ತಿಂಗಳಲ್ಲಿ ಒಬ್ಬರನ್ನು ಮೇಲೆ ಹತ್ತಿಸಿ ಪ್ರತಿ ಸ್ಕ್ರೂ ನೋಡಿಸುತ್ತೇನೆ. ಇನ್ನು ಗುಬ್ಬಚ್ಚಿಗಳು. ಸೂರಿನ ಸಂದಿ ತೆರೆದಿದ್ದ ಕಡೆ ಉಣ್ಣೆ ಎಳೆದು ಗೂಡು ಕಟ್ಟಿದ್ದವು. ಮರಿ ಹಾರುವವರೆಗೆ ಬಿಟ್ಟು ಆಮೇಲೆ ಸಂದಿಗೆ ಜಾಲಿ ಬಡಿಸಿದೆ.

ದೀಪಾವಳಿ ಆದ ಮೇಲೆ ಇನ್ನೂ ನಾಲ್ಕು ಮಗ್ಗಕ್ಕೆ ಶೆಡ್ ಮುಂದಕ್ಕೆ ಎಳೆಯುವವನಿದ್ದೇನೆ. ಅಲ್ಲಿಗೂ ಇದೇ 24 ಕೆಜಿ ಡೆನ್ಸಿಟಿಯ ಗ್ಲಾಸ್‌ವೂಲ್, ಇದೇ ರೀತಿ ಪರ್ಲಿನ್ ಅಡಿಗೆ. ಸ್ಕ್ರೂ ಮತ್ತು ವಾಷರ್ ಮಾತ್ರ ಈ ಸಲ ನಾನೇ ಕೊಂಡು ತಂದು ಕೊಡುತ್ತೇನೆ.