ಎಲೆಯ ಮೇಲಿನ ಚುಕ್ಕೆ ಹುಳುವಿನದೋ, ರೋಗದ್ದೋ? ಮನೆಯಲ್ಲಿ ಮಾಡಿ ನೋಡಿದ ಪರೀಕ್ಷೆಗಳ ಹೋಲಿಕೆ

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ತುಳಸಿಯ ಚಿಗುರೆಲೆಗಳು ಮೊದಲು ಮುದುಡಿಕೊಂಡವು, ಆಮೇಲೆ ಅವುಗಳ ಮೇಲ್ಮೈಯಲ್ಲಿ ಮಸುಕು ಹಳದಿ ಚುಕ್ಕೆಗಳು ಎದ್ದವು, ವಾರದೊಳಗೆ ಕೆಳಮೈಯಲ್ಲಿ ಟಾರು ಚಿಮುಕಿಸಿದಂತೆ ಸಣ್ಣ ಕಪ್ಪು ಕಲೆಗಳು ಕಾಣಿಸಿಕೊಂಡವು. ಕಪ್ಪು ಕಲೆ ಎಂದ ಮೇಲೆ ಅದು ಶಿಲೀಂಧ್ರ ರೋಗವೇ ಎಂದು ನಾನು ತೀರ್ಮಾನಿಸಿಬಿಟ್ಟೆ. ಒಂದು ಎಲೆಯನ್ನು ನರ್ಸರಿಗೆ ಒಯ್ದು ತೋರಿಸಿದಾಗ ಅಲ್ಲಿಯವರೂ ‘ಫಂಗಸ್’ ಎಂದು ಹೇಳಿ ತಾಮ್ರದ ಶಿಲೀಂಧ್ರನಾಶಕದ ಪೊಟ್ಟಣವೊಂದನ್ನು ಕೊಟ್ಟರು. ಮೂರು ವಾರ ಬಿಡದೆ ಸಿಂಪಡಿಸಿದರೂ ಗಿಡ ಬೋಳಾಗುತ್ತಲೇ ಹೋಯಿತು. ಒಂದು ಸಂಜೆ ತುಳಸಿಗೆ ದೀಪ ಹಚ್ಚಲು ಬಂದ ನಮ್ಮ ಅತ್ತೆ ಎಲೆಯ ಬೆನ್ನನ್ನು ಒದ್ದೆ ಹೆಬ್ಬೆರಳಿನಿಂದ ಉಜ್ಜಿ, “ಇದು ಕಲೆ ಅಲ್ಲಮ್ಮ, ಒರೆಸಿದರೆ ಬರುತ್ತೆ ನೋಡು” ಎಂದು ಬೆರಳನ್ನು ನನ್ನ ಮುಂದೆ ಹಿಡಿದರು. ಕಪ್ಪೆಲ್ಲ ಬೆರಳಿಗೆ ಬಂದಿತ್ತು, ಅದರ ಕೆಳಗೆ ಎಲೆ ಇನ್ನೂ ಹಸಿರಾಗಿಯೇ ಇತ್ತು. ಅದು ತುಳಸಿಯ ಲೇಸ್ ಬಗ್ ಎಂಬ ತಿಗಣೆಯ ಹಿಕ್ಕೆ. ಎರಡು ಮೂರು ಮಿಲಿಮೀಟರ್ ಉದ್ದದ, ಜಾಲರಿಯಂಥ ರೆಕ್ಕೆಯ ಆ ಕೀಟ ಮುದುಡಿದ ಎಲೆಯೊಳಗೆ ಕುಳಿತು ಮೂರು ವಾರವೂ ರಸ ಹೀರುತ್ತಲೇ ಇತ್ತು.

ಆ ತುಳಸಿಯನ್ನು ಉಳಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಆ ನೋವಿನಿಂದಲೇ, ಬೆಂಗಳೂರಿನ ನಮ್ಮ ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಮತ್ತು ಒಳಗಿನ ಕಿಟಕಿಗಳ ಬಳಿ ಇರುವ ಗಿಡಗಳಲ್ಲಿ ಎಲ್ಲಿ ಚುಕ್ಕೆ ಕಂಡರೂ ಔಷಧಿ ಮುಟ್ಟುವ ಮೊದಲು ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡಿ, ಯಾವುದು ಸರಿ ಹೇಳಿತು, ಯಾವುದು ತಪ್ಪು ಹೇಳಿತು ಎಂದು ಒಂದು ವರ್ಷ ಬರೆದಿಟ್ಟುಕೊಂಡೆ. ಇಷ್ಟು ಎಚ್ಚರ ಬೇಕೇ ಎಂದು ಕೇಳಿದವರಿದ್ದಾರೆ. ಬೇಕು, ಏಕೆಂದರೆ ಹುಳು ಮತ್ತು ರೋಗ, ಎರಡರ ಉಪಚಾರ ಒಂದಕ್ಕೊಂದು ವಿರುದ್ಧ. ಕೆಂಪು ನುಸಿ ಒಣ ಬಿಸಿ ಗಾಳಿಯಲ್ಲಿ ಹೆಚ್ಚುವುದರಿಂದ ಎಲೆಗಳನ್ನು ನೀರಿನಿಂದ ಚೆನ್ನಾಗಿ ತೊಳೆಯುವುದೇ ಅದಕ್ಕೆ ಮೊದಲ ಮದ್ದು. ಗುಲಾಬಿಯ ಕಪ್ಪು ಚುಕ್ಕೆ ರೋಗವಾದರೋ ಎಲೆ ಸುಮಾರು ಏಳು ಗಂಟೆ ಬಿಡದೆ ಒದ್ದೆಯಾಗಿದ್ದರೆ ಹತ್ತಿಕೊಳ್ಳುವಂಥದ್ದು. ಒಂದರ ಮದ್ದು ಇನ್ನೊಂದಕ್ಕೆ ಮೇವಾಗುತ್ತದೆ.

ಮೊದಲ ಪರೀಕ್ಷೆ ಅತ್ತೆ ತೋರಿಸಿದ್ದೇ. ನಾನು ಬೆರಳಿನ ಬದಲು ಬಿಳಿಯ ಟಿಶ್ಯೂ ಕಾಗದವನ್ನು ಒದ್ದೆ ಮಾಡಿ, ಎಲೆಯ ಎರಡೂ ಮೈಗಳನ್ನು ಬೇರೆ ಬೇರೆ ಕಾಗದದಿಂದ ಒರೆಸುತ್ತೇನೆ. ಈ ಪರೀಕ್ಷೆ ಕೇಳುವ ಪ್ರಶ್ನೆ ಒಂದೇ: ಚುಕ್ಕೆ ಎಲೆಯ ಮೇಲಿದೆಯೇ, ಎಲೆಯೊಳಗಿದೆಯೇ? ಲೇಸ್ ಬಗ್ ಮತ್ತು ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟಗಳ ಹಿಕ್ಕೆ ಕಾಗದಕ್ಕೆ ಕಪ್ಪಾಗಿ ಅಂಟುತ್ತದೆ, ಆದರೆ ಅವು ರಸ ಹೀರಿದ ಜಾಗದ ಬೆಳ್ಳಗಿನ ಗೆರೆಗಳು ಎಲೆಯಲ್ಲೇ ಉಳಿಯುತ್ತವೆ. ತುಕ್ಕು ರೋಗವಿದ್ದರೆ ಕಾಗದದ ಮೇಲೆ ಹೆಸರಿಗೆ ತಕ್ಕಂತೆ ಕಿತ್ತಳೆ ಮಿಶ್ರಿತ ಕಂದು ಪುಡಿ ಬರುತ್ತದೆ. ಎಲೆ ಚುಕ್ಕೆ ರೋಗದ ಕಲೆ ಎಷ್ಟು ಉಜ್ಜಿದರೂ ಜಗ್ಗುವುದಿಲ್ಲ, ಏಕೆಂದರೆ ಅಲ್ಲಿ ಎಲೆಯ ಅಂಗಾಂಶವೇ ಸತ್ತಿರುತ್ತದೆ. ಅರ್ಧ ನಿಮಿಷದಲ್ಲಿ, ಖರ್ಚಿಲ್ಲದೆ ಇಷ್ಟು ಹೇಳುವ ಪರೀಕ್ಷೆ ಬೇರೊಂದಿಲ್ಲ.

ಅದು ತಡವರಿಸುವುದು ಬಿಳಿ ಕಲೆಗಳ ಮುಂದೆ. ದಾಸವಾಳದ ಹಿಟ್ಟು ತಿಗಣೆ, ಗುಲಾಬಿಯ ಬೂದಿ ರೋಗ, ಕೊಳವೆ ಬಾವಿಯ ಗಡಸು ನೀರು ಒಣಗಿ ಉಳಿದ ಸುಣ್ಣ, ಮೂರೂ ಮೊದಲ ನೋಟಕ್ಕೆ ಬಿಳಿ, ಮೂರೂ ಒಂದಿಷ್ಟು ಒರೆಸಿದರೆ ಬರುತ್ತವೆ. ಇಲ್ಲಿ ನಾನು ಇನ್ನೆರಡು ಹೆಜ್ಜೆ ಮುಂದೆ ಹೋಗುತ್ತೇನೆ. ಒಂದು ಹನಿ ನಿಂಬೆರಸ ಅಥವಾ ವಿನೆಗರ್ ಹಚ್ಚಿದರೆ ಸುಣ್ಣದ ಕಲೆ ಕರಗಿಹೋಗುತ್ತದೆ. ಕರಗದ ಬಿಳಿಯನ್ನು ಕಡ್ಡಿಯ ತುದಿಯಿಂದ ಅದುಮಿದಾಗ ಜಿಗುಟಾದ ರಸ ಬಂದರೆ ಅದು ಹಿಟ್ಟು ತಿಗಣೆ, ಹತ್ತಿಯಂತೆ ಎಲೆಯ ತೊಟ್ಟಿನ ಸಂದುಗಳಲ್ಲಿ ಕೂಡಿಕೊಂಡಿದ್ದರಂತೂ ಅನುಮಾನವೇ ಬೇಡ. ಬೂದಿ ರೋಗ ಮುಖಕ್ಕೆ ಹಚ್ಚುವ ಪೌಡರಿನಂತೆ ಒಣಗಿ ಉದುರುತ್ತದೆ ಮತ್ತು ಒರೆಸಿದ ಕೆಲವೇ ದಿನಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಕಾಣಿಸುತ್ತದೆ.

ಎರಡನೆಯದು ಬಿಳಿ ಹಾಳೆಯ ಪರೀಕ್ಷೆ. ರೆಂಬೆಯ ಕೆಳಗೆ ಹಾಳೆಯೊಂದನ್ನು ಹಿಡಿದು ರೆಂಬೆಯನ್ನು ಮೂರು ನಾಲ್ಕು ಸಲ ಬೆರಳಿನಿಂದ ತಟ್ಟಬೇಕು, ಆಮೇಲೆ ಹಾಳೆಯನ್ನು ಅಲುಗಿಸದೆ ಒಂದು ನಿಮಿಷ ನೋಡುತ್ತ ನಿಲ್ಲಬೇಕು. ಹೆಚ್ಚಿನವರು ತಪ್ಪುವುದು ಈ ನಿಲ್ಲುವುದರಲ್ಲೇ. ಕೆಂಪು ನುಸಿ ಅರ್ಧ ಮಿಲಿಮೀಟರಿಗಿಂತ ದೊಡ್ಡದಿಲ್ಲ, ಬಿದ್ದ ತಕ್ಷಣ ಧೂಳಿನ ಕಣದಂತೆಯೇ ಇರುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಆ ಧೂಳು ನಡೆಯತೊಡಗುತ್ತದೆ. ಮಾರ್ಚ್ ತಿಂಗಳಲ್ಲಿ ನಮ್ಮ ಕ್ರೋಟನ್ ಗಿಡದ ಎಲೆಗಳು ರವೆ ಚೆಲ್ಲಿದಂತೆ ಹಳದಿ ಚುಕ್ಕೆಗಳಿಂದ ತುಂಬಿ ಬಣ್ಣಗೆಟ್ಟಿದ್ದವು. ಗೊಬ್ಬರ ಸಾಲದೆಂದು ಮನೆಯವರ ಅಭಿಪ್ರಾಯವಿತ್ತು. ಹಾಳೆಯ ಮೇಲೆ ಹತ್ತಾರು ಕಣಗಳು ನಾಲ್ಕು ದಿಕ್ಕಿಗೂ ಹೊರಟದ್ದನ್ನು ಕಂಡ ಮೇಲೆ ಯಾರೂ ಗೊಬ್ಬರದ ಮಾತೆತ್ತಲಿಲ್ಲ. ಕಣ್ಣು ಸಾಲದವರು ಹಾಳೆಯ ಮೇಲೆ ಅಂಗೈಯನ್ನು ಒಮ್ಮೆ ಎಳೆದು ನೋಡಬಹುದು. ಬರಿಯ ಧೂಳಾದರೆ ಸರಿದು ಹೋಗುತ್ತದೆ, ನುಸಿಯಾದರೆ ಬಣ್ಣದ ಸಣ್ಣ ಗೆರೆ ಮೂಡುತ್ತದೆ. ಆದರೆ ಹಾಳೆ ಏನೂ ಇಲ್ಲ ಎಂದ ಮಾತ್ರಕ್ಕೆ ಹುಳುವಿಲ್ಲ ಎಂದು ತಿಳಿಯಬಾರದು. ಎಲೆಗೆ ಅಂಟಿಕೊಂಡೇ ಬದುಕುವ ಶಲ್ಕ ಕೀಟ ತಟ್ಟಿದರೆ ಬೀಳುವುದಿಲ್ಲ, ಅದನ್ನು ಉಗುರಿನಿಂದ ಎಬ್ಬಿಸಿಯೇ ನೋಡಬೇಕು.

ಉಗುರು ಹಾಕುವ ಮೊದಲು ಒಂದು ಮಾತು. ಜರೀಗಿಡದ (ಫರ್ನ್) ಎಲೆಯ ಹಿಂಬದಿಯಲ್ಲಿ ಸಾಲಾಗಿ, ಎರಡೂ ಕಡೆ ಒಂದೇ ಅಳತೆಯಲ್ಲಿ ಕಾಣುವ ಕಂದು ಚುಕ್ಕೆಗಳು ಹುಳುವೂ ಅಲ್ಲ, ತುಕ್ಕೂ ಅಲ್ಲ. ಅವು ಬೀಜದಂತೆ ಹೊಸ ಗಿಡ ಹುಟ್ಟಿಸುವ ಬೀಜಕಗಳ ಗುಂಪು, ಗಿಡ ಆರೋಗ್ಯವಾಗಿದೆ ಎಂಬುದರ ಗುರುತು. ನಮ್ಮ ಪಕ್ಕದ ಮನೆಯವರು ಸೊಗಸಾಗಿ ಬೆಳೆದಿದ್ದ ಜರೀಗಿಡವೊಂದರ ಎಲೆಗಳನ್ನೆಲ್ಲ ಇದೇ ಕಾರಣಕ್ಕೆ ಕತ್ತರಿಸಿ ಎಸೆದದ್ದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ಹುಳು ಮತ್ತು ರೋಗ ಹರಡುವುದು ಅಡ್ಡಾದಿಡ್ಡಿಯಾಗಿ, ಗಿಡ ತಾನೇ ಇಡುವ ಚುಕ್ಕೆಗೆ ಲೆಕ್ಕವಿರುತ್ತದೆ.

ಮಸೂರದ ವಿಷಯದಲ್ಲಿ ನಾನು ಎರಡನ್ನು ಹೋಲಿಸಿದೆ. ಅಕ್ಕಸಾಲಿಗರು ಕಣ್ಣಿಗೆ ಹಿಡಿದು ನೋಡುವ, 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಒಂದು, 60 ಪಟ್ಟು ತೋರಿಸುವ ದೀಪವಿರುವ ಪುಟ್ಟ ಸೂಕ್ಷ್ಮದರ್ಶಕ ಇನ್ನೊಂದು. ಹೆಚ್ಚು ದೊಡ್ಡದು ಹೆಚ್ಚು ಒಳ್ಳೆಯದೆಂಬ ನನ್ನ ನಂಬಿಕೆ ಇಲ್ಲಿ ಸುಳ್ಳಾಯಿತು. 60 ಪಟ್ಟಿನದರಲ್ಲಿ ಕೈಯ ನಡುಕವೂ ಅಷ್ಟೇ ದೊಡ್ಡದಾಗಿ, ಎಲೆಯ ಯಾವ ಮೂಲೆಯನ್ನು ನೋಡುತ್ತಿದ್ದೇನೆ ಎಂಬುದೇ ತಪ್ಪಿಹೋಗುತ್ತಿತ್ತು. 10 ಪಟ್ಟಿನ ಮಸೂರ ನುಸಿಯ ಕಾಲುಗಳನ್ನು, ಎಲೆಯ ನರದ ಬದಿಯಲ್ಲಿ ಅದು ಹೆಣೆದ ನವಿರಾದ ಬಲೆಯನ್ನು, ಬಿಟ್ಟುಹೋದ ಬಿಳಿಯ ಪೊರೆಗಳನ್ನು ನಿಚ್ಚಳವಾಗಿ ತೋರಿಸಿತು. ರೋಗದ ಕಲೆಯಲ್ಲಿಯೂ ಅದು ಉಪಯೋಗಕ್ಕೆ ಬಂತು. ಮನಿ ಪ್ಲಾಂಟ್‌ನ ಕಂದು ಕಲೆಯ ನಡುವೆ ಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಬಿಂದುಗಳು ಕಂಡವು, ಅವು ಶಿಲೀಂಧ್ರ ತನ್ನ ಬೀಜಕಗಳನ್ನು ತುಂಬಿಟ್ಟುಕೊಂಡ ಚೀಲಗಳು. ಹಿಕ್ಕೆಯಂತೆ ಅವು ಎದ್ದು ನಿಲ್ಲುವುದಿಲ್ಲ, ಎಲೆಯಲ್ಲಿ ಹುದುಗಿರುತ್ತವೆ. ಹಣ ಖರ್ಚು ಮಾಡಿ ಕೊಳ್ಳಬೇಕಾದದ್ದು ಏನಾದರೂ ಇದ್ದರೆ ಈ ಒಂದು ಮಸೂರ ಮಾತ್ರ.

ಫೋನಿನಲ್ಲಿ ಚಿತ್ರ ತೆಗೆದರೆ ರೋಗದ ಹೆಸರು ಹೇಳುವ ಆ್ಯಪ್ ಒಂದನ್ನೂ ಜೊತೆಗೇ ಬಳಸುತ್ತಿದ್ದೆ. ಗುಲಾಬಿಯ ಕಪ್ಪು ಚುಕ್ಕೆಯನ್ನು ಅದು ಪ್ರತಿ ಸಲವೂ ಸರಿಯಾಗಿ ಹೇಳಿತು. ಅಂಚು ಗರಿಗರಿಯಾಗಿ ಹರಡಿದ ಕಪ್ಪು ಕಲೆ, ಸುತ್ತ ಹಳದಿ, ಆ ಚಿತ್ರ ಅಷ್ಟು ವಿಶಿಷ್ಟ. ಆದರೆ ಕ್ರೋಟನ್‌ನ ಒಂದೇ ಎಲೆಯನ್ನು ಬೆಳಿಗ್ಗೆ, ಮಧ್ಯಾಹ್ನ, ದೀಪದ ಬೆಳಕಿನಲ್ಲಿ ತೋರಿಸಿದಾಗ ಮೂರು ಉತ್ತರ ಬಂದವು, ಅವುಗಳಲ್ಲಿ ನುಸಿ ಒಂದೇ ಸಲ. ಮೇಲ್ಮೈಯ ಚಿತ್ರವನ್ನಷ್ಟೇ ಕೊಟ್ಟರೆ ಅದಕ್ಕೆ ಎಲೆ ತಿರುಗಿಸಿ ನೋಡಲಾಗದು. ಹೆಸರು ಗೊತ್ತಾದ ಮೇಲೆ ಓದಿಕೊಳ್ಳಲು ಅದು ಒದಗುತ್ತದೆ, ಹೆಸರಿಡುವ ಕೆಲಸವನ್ನು ಅದಕ್ಕೆ ಬಿಡಲು ನಾನು ಸಿದ್ಧಳಿಲ್ಲ.

ನನಗೆ ಅತ್ಯಂತ ಹೆಚ್ಚು ಕಲಿಸಿದ್ದು ಪೆನ್ನು. ಚುಕ್ಕೆಯ ಅಂಚಿಗೆ ಸರಿಯಾಗಿ ಸಣ್ಣ ಮೊನೆಯ ಮಾರ್ಕರ್‌ನಿಂದ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದು, ಐದು ದಿನ ಬಿಟ್ಟು ನೋಡುವುದಷ್ಟೇ ಈ ಪರೀಕ್ಷೆ. ಶಿಲೀಂಧ್ರದ ಕಲೆ ಎಲೆಯೊಳಗೆ ಜೀವಂತವಾಗಿರುವುದರಿಂದ ಗೆರೆಯನ್ನು ದಾಟಿ ಹೊರಬರುತ್ತದೆ, ಕೆಲವೊಮ್ಮೆ ಮರದ ಕೊರಡಿನ ಬಳೆಗಳಂತೆ ಒಂದರ ಸುತ್ತ ಒಂದು ಉಂಗುರ ಬಿಡುತ್ತದೆ. ಹುಳು ಕುಡಿದ ಚುಕ್ಕೆ ಇದ್ದಷ್ಟೇ ಇರುತ್ತದೆ, ಗೆರೆಯ ಆಚೆ ಹೊಸ ಚುಕ್ಕೆಗಳು ಹುಟ್ಟುತ್ತವೆ. ರೋಗದಲ್ಲಿ ಚುಕ್ಕೆ ಬೆಳೆಯುತ್ತದೆ, ಹುಳುವಿನಲ್ಲಿ ಚುಕ್ಕೆಗಳ ಸಂಖ್ಯೆ ಬೆಳೆಯುತ್ತದೆ. ಎರಡೂ ಆಗದಿದ್ದರೆ ಅದು ಬಿಸಿಲಿನ ಸುಟ್ಟ ಗಾಯವೋ ನೀರಿನ ಉಪ್ಪಿನ ಪರಿಣಾಮವೋ ಆಗಿರಬಹುದು. ನಮ್ಮ ಸ್ಪೈಡರ್ ಪ್ಲಾಂಟ್‌ನ ಕಂದು ತುದಿಗಳು ಮಳೆ ನೀರು ಹಾಕತೊಡಗಿದ ಮೇಲೆ ಹೊಸ ಎಲೆಗಳಲ್ಲಿ ಬರಲೇ ಇಲ್ಲ. ಈ ಪರೀಕ್ಷೆಯ ದೋಷ ಅದರ ನಿಧಾನ. ಸೆಕೆಗಾಲದಲ್ಲಿ ಕೆಂಪು ನುಸಿ ಮೊಟ್ಟೆಯಿಂದ ಬೆಳೆದ ನುಸಿಯಾಗಲು ಸುಮಾರು ಒಂದು ವಾರ ಸಾಕು, ಆದ್ದರಿಂದ ಹಾಳೆ ಮತ್ತು ಟಿಶ್ಯೂ ಪರೀಕ್ಷೆ ಮುಗಿಸದೆ ಪೆನ್ನು ಹಿಡಿದು ಕಾಯುತ್ತ ಕೂರುವುದು ನುಸಿಗೆ ಬಿಡುವು ಕೊಟ್ಟಂತೆ.

ಇದಕ್ಕೆ ಪ್ರತಿಸ್ಪರ್ಧಿಯೆಂದರೆ ಒದ್ದೆ ಡಬ್ಬಿ. ಚುಕ್ಕೆಯಿರುವ ಎಲೆಯನ್ನು ತೊಳೆದು, ಒದ್ದೆ ಕಾಗದ ಹಾಸಿದ ಮುಚ್ಚಳದ ಡಬ್ಬಿಯಲ್ಲಿಟ್ಟು, ಬಿಸಿಲು ಬೀಳದ ಕಡೆ ಎರಡು ಮೂರು ದಿನ ಇಟ್ಟರೆ ಶಿಲೀಂಧ್ರ ಕಲೆಯ ಮೇಲೆಯೇ ಬೂಷ್ಟಾಗಿ ಎದ್ದುಬರುತ್ತದೆ. ಪೆನ್ನಿಗಿಂತ ಬೇಗ ಉತ್ತರ ಸಿಗುತ್ತದೆ ನಿಜ, ಆದರೆ ಮೊದಲ ಸಲ ನಾನು ಮೋಸಹೋದೆ. ಕಿತ್ತ ಎಲೆ ಒದ್ದೆಯಲ್ಲಿದ್ದರೆ ಕೊಳೆತೇ ಕೊಳೆಯುತ್ತದೆ, ಆ ಕೊಳೆಯ ಬೂಷ್ಟನ್ನೇ ನಾನು ರೋಗವೆಂದುಕೊಂಡಿದ್ದೆ. ಈಗ ಅದೇ ಗಿಡದ ಚುಕ್ಕೆಯಿಲ್ಲದ ಎಲೆಯೊಂದನ್ನು ಇನ್ನೊಂದು ಡಬ್ಬಿಯಲ್ಲಿಡುತ್ತೇನೆ. ಎರಡರಲ್ಲೂ ಬೂಷ್ಟು ಬಂದರೆ ಆ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹುಳುವೋ ರೋಗವೋ ಎಂಬ ಪ್ರಶ್ನೆಗೇ ‘ಎರಡೂ’ ಎಂಬ ಉತ್ತರ ಬರುವುದುಂಟು. ಕರಿಬೇವಿನ ಎಲೆಗಳ ಮೇಲೆ ಕಾಡಿಗೆ ಬಳಿದಂತೆ ಕಪ್ಪು ಪದರ ಕೂತಾಗ ಟಿಶ್ಯೂ ಅದನ್ನು ಪೂರ್ತಿ ಒರೆಸಿ ತೆಗೆಯಿತು, ಡಬ್ಬಿ ಅದನ್ನು ಬೂಷ್ಟು ಎಂದಿತು, ಎರಡೂ ನಿಜವೇ. ಶಲ್ಕ ಕೀಟ ಮತ್ತು ಸಸ್ಯಹೇನುಗಳು ಹೊರಹಾಕುವ ಸಿಹಿಯಂಟಿನ ಮೇಲೆ ಆ ಕಪ್ಪು ಬೂಷ್ಟು ಬೆಳೆಯುತ್ತದೆ, ಅದು ಎಲೆಯೊಳಗೆ ಇಳಿಯುವುದಿಲ್ಲ. ಕಾಂಡದ ಮೇಲೆ ಇರುವೆಗಳ ಸಾಲು ಹತ್ತಿಳಿಯುತ್ತಿದ್ದರೆ ಕಾರಣ ಮೇಲೆಲ್ಲೋ ಕುಳಿತ ಹುಳುವೇ. ಅಲ್ಲಿ ಬೂಷ್ಟಿಗೆ ಔಷಧಿ ಹೊಡೆಯುವುದು ವ್ಯರ್ಥ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪಿನ ದ್ರಾವಣವನ್ನು ಎಲೆಯ ಹಿಂಬದಿಗೆ ತಗಲುವಂತೆ ಸಂಜೆ ಸಿಂಪಡಿಸಿ, ಹುಳು ಹೋದ ಮೇಲೆ ಕಪ್ಪನ್ನು ನೀರಿನಿಂದ ಒರೆಸಿದೆ. ತಿನ್ನುವ ಎಲೆಯಾದ್ದರಿಂದ ಬೇರೇನನ್ನೂ ಅದಕ್ಕೆ ಮುಟ್ಟಿಸಲು ಮನಸ್ಸು ಬರಲಿಲ್ಲ.

ಎಲೆಯನ್ನು ಟಾರ್ಚಿನ ಬೆಳಕಿಗೆ ಅಡ್ಡ ಹಿಡಿದು ನೋಡುವುದು ಎಲ್ಲಕ್ಕೂ ಬೇಕಾಗುವ ಪರೀಕ್ಷೆಯಲ್ಲ, ಆದರೆ ಎರಡು ಕಡೆ ಅದಕ್ಕೆ ಬದಲಿಯಿಲ್ಲ. ರಂಗೋಲಿ ಹುಳು ಎಲೆಯ ಪದರಗಳ ನಡುವೆ ಕೊರೆದ ಬಿಳಿ ದಾರಿಯ ಕೊನೆಯಲ್ಲಿ ಮರಿ ಮಲಗಿರುವುದು ಬೆಳಕಿನಲ್ಲಿ ಕಾಣುತ್ತದೆ, ಅಲ್ಲಿಯೇ ಬೆರಳಿನಿಂದ ಅದುಮಿದರೆ ಕೆಲಸ ಮುಗಿಯಿತು. ಇನ್ನೊಂದು ದುಂಡಾಣು (ಬ್ಯಾಕ್ಟೀರಿಯಾ) ರೋಗ. ಈ ಮಳೆಗಾಲದಲ್ಲಿ ನಮ್ಮ ಆಂಥೂರಿಯಂನ ಒಂದು ಎಲೆಯಲ್ಲಿ ಕಂಡ ಚುಕ್ಕೆಗಳು ಒರೆಸಿದರೆ ಬರಲಿಲ್ಲ, ಹಾಳೆಯ ಮೇಲೆ ಏನೂ ಬೀಳಲಿಲ್ಲ, ಡಬ್ಬಿಯಲ್ಲಿ ಬೂಷ್ಟೂ ಏಳಲಿಲ್ಲ. ಟೊಮೇಟೊದ ದುಂಡಾಣು ಸೊರಗು ರೋಗದಲ್ಲಿ ಕತ್ತರಿಸಿದ ಕಾಂಡವನ್ನು ನೀರಿಗಿಳಿಸಿದರೆ ಹಾಲಿನಂಥ ಎಳೆ ಇಳಿಯುತ್ತದೆಂದು ರೈತರು ನೋಡುವ ಕ್ರಮವನ್ನೂ ಮಾಡಿದೆ, ಎಲೆಯ ಚುಕ್ಕೆಯಿಂದ ಬರಿಗಣ್ಣಿಗೆ ಏನೂ ಕಾಣಲಿಲ್ಲ. ಟಾರ್ಚು ಹಿಡಿದಾಗ ಮಾತ್ರ ಆ ಚುಕ್ಕೆಗಳು ಎಣ್ಣೆ ಬಿದ್ದ ಕಾಗದದಂತೆ ಬೆಳಕು ಬಿಟ್ಟವು, ಅವುಗಳ ಅಂಚು ಗುಂಡಗಿರದೆ ನರದಿಂದ ನರಕ್ಕೆ ಮೂಲೆಮೂಲೆಯಾಗಿ ನಿಂತಿತ್ತು, ಸುತ್ತ ತೆಳುವಾದ ಹಳದಿ ಬಳೆಯಿತ್ತು. ದುಂಡಾಣುವಿನ ಗುರುತುಗಳಿವು, ಇದಕ್ಕೆ ಮನೆಯಲ್ಲಿ ಮಾಡುವ ಔಷಧಿಯೂ ಇಲ್ಲ. ಆ ಎಲೆಯನ್ನೂ ಅದಕ್ಕೆ ತಗಲಿದ್ದ ಇನ್ನೊಂದನ್ನೂ ತೊಟ್ಟಿನ ಬುಡದಲ್ಲಿ ಕತ್ತರಿಸಿ, ಒಂದೊಂದು ಸಲವೂ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ, ಎಲೆಗಳನ್ನು ಕಾಂಪೋಸ್ಟಿಗೆ ಹಾಕದೆ ಕಟ್ಟಿ ಎಸೆದೆ. ಕುಂಡವನ್ನು ಉಳಿದ ಗಿಡಗಳಿಂದ ದೂರ, ಸ್ನಾನದ ಮನೆಯ ಕಿಟಕಿಗೆ ಸರಿಸಿ, ಎಲೆಗೆ ತಾಗದಂತೆ ಬುಡಕ್ಕೆ ಮಾತ್ರ ನೀರು ಹಾಕುತ್ತಿದ್ದೇನೆ. ಒಂದು ಹೊಸ ಎಲೆ ಚುಕ್ಕೆಯಿಲ್ಲದೆ ಬಿಚ್ಚಿಕೊಂಡಿದೆ. ಇನ್ನೊಂದು ಸುರುಳಿ ಬಿಡುತ್ತಿದೆ, ಅದೂ ಶುಭ್ರವಾಗಿ ಬಂದರೆ ಕುಂಡವನ್ನು ಹಳೆಯ ಜಾಗಕ್ಕೆ ತರುತ್ತೇನೆ.