ಸ್ಥಿರ ಆರ್ದ್ರತೆಯ ಪರೀಕ್ಷೆಯೊಂದನ್ನೇ ನಂಬಿ ಇಂಧನ ಕೋಶದ ಪೊರೆಯನ್ನು ಕೊಳ್ಳಬೇಡಿ

ಜಲಜನಕ ಇಂಧನ ಕೋಶಗಳಿಗೆ ಪೊರೆ (ಎರಡು ಬದಿಯ ಅನಿಲಗಳನ್ನು ಬೇರ್ಪಡಿಸಿ ಪ್ರೋಟಾನುಗಳನ್ನು ಸಾಗಿಸುವ ತೆಳು ಪಾಲಿಮರ್ ಹಾಳೆ) ಆರಿಸುವವರು ನಮ್ಮ ಪ್ರಯೋಗಾಲಯದಲ್ಲಿ ಆದದ್ದನ್ನು ತಿಳಿದಿರುವುದು ಒಳ್ಳೆಯದು. ಸುಮಾರು 25 ಮೈಕ್ರಾನ್ ದಪ್ಪದ, ಒಳಗೆ ಬಲವರ್ಧನೆಯ ಪದರವಿಲ್ಲದ ಪೊರೆಯನ್ನು ಕೊಡುವಾಗ ಪೂರೈಕೆದಾರರು ಅದರ ಎಳೆತದ ಬಲವನ್ನೂ, ಒಂದೇ ಉಷ್ಣತೆ ಮತ್ತು ಒಂದೇ ಆರ್ದ್ರತೆಯಲ್ಲಿ ನಡೆಸಿದ ಬಾಳಿಕೆ ಪರೀಕ್ಷೆಯ ಫಲಿತಾಂಶವನ್ನೂ ಮುಂದಿಟ್ಟಿದ್ದರು. ಎರಡೂ ಉತ್ತಮವಾಗಿದ್ದವು. ಆದರೆ ವಾಹನದಲ್ಲಿ ಆಗುವಂತೆ ಹೊರೆಯನ್ನು ಏರಿಳಿಸುತ್ತ ನಡೆಸತೊಡಗಿದ ಮೇಲೆ ಕೆಲವು ಕೋಶಗಳಲ್ಲಿ ಹೊರೆಯಿಲ್ಲದಾಗಿನ ವೋಲ್ಟೇಜ್ ಕುಸಿಯಿತು. ಬಿಚ್ಚಿ ನೋಡಿದರೆ ಪೊರೆಯು ಅನಿಲ ಸೋರದಂತೆ ಸುತ್ತ ಕೂರಿಸಿದ ಗ್ಯಾಸ್ಕೆಟ್ಟಿನ ಒಳಅಂಚಿನಲ್ಲಿ ಸೀಳಿಹೋಗಿತ್ತು.

ಈ ಬಗೆಯ ಪೊರೆ ಪ್ರೋಟಾನುಗಳನ್ನು ಸಾಗಿಸಬೇಕಾದರೆ ನೀರನ್ನು ಹೀರಿಕೊಂಡಿರಲೇಬೇಕು. ಹೀರಿದಾಗ ಅದು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೊರೆ ಏರಿಳಿದಂತೆ ಕೋಶದೊಳಗಿನ ತೇವವೂ ಏರಿಳಿಯುತ್ತದೆ. ಬಿಡಿಯಾಗಿದ್ದರೆ ಉದ್ದದಲ್ಲಿ ಶೇಕಡಾ 10ರಷ್ಟು ಹಿಗ್ಗಬಲ್ಲದು. ಆದರೆ ಕೋಶದೊಳಗೆ ಫಲಕಗಳ ನಡುವೆ ಬಿಗಿದ ಪೊರೆಗೆ ಪಕ್ಕಕ್ಕೆ ಸರಿಯಲು ಜಾಗವಿಲ್ಲದ ಕಾರಣ, ಒದ್ದೆಯಾದಾಗ ಅದು ಒತ್ತಲ್ಪಟ್ಟು ಶಾಶ್ವತವಾಗಿ ರೂಪ ಬದಲಿಸುತ್ತದೆ, ಮರಳಿ ಒಣಗಿದಾಗ ಕುಗ್ಗಲಾಗದೆ ಎಳೆತಕ್ಕೆ ಸಿಲುಕುತ್ತದೆ. ಈ ಎಳೆತ ಪೊರೆಯ ಬಲಕ್ಕಿಂತ ಎಷ್ಟೋ ಕಡಿಮೆಯಿದ್ದರೂ, ಮತ್ತೆ ಮತ್ತೆ ಬಂದಾಗ ಬಿರುಕು ಹುಟ್ಟಿಸಲು ಸಾಕು. ಗ್ಯಾಸ್ಕೆಟ್ಟಿನ ಅಂಚು, ಪಕ್ಕದ ಅನಿಲ ಹರಡುವ ಪದರದ ಇಂಗಾಲದ ನಾರಿನ ತುದಿ ಚುಚ್ಚುವ ಜಾಗ, ಇವೇ ಮೊದಲು ಸೋಲುತ್ತವೆ. ಆರ್ದ್ರತೆಯೇ ಬದಲಾಗದ ಪರೀಕ್ಷೆಯಲ್ಲಿ ಇದಾವುದೂ ಕಾಣಿಸುವುದಿಲ್ಲ.

ರಾಸಾಯನಿಕ ಹಾನಿಯೂ ಇದರ ಜೊತೆಗೂಡುತ್ತದೆ ಎಂಬುದನ್ನು ಬಹಳ ಮಂದಿ ಲಘುವಾಗಿ ಕಾಣುತ್ತಾರೆ. ಪೊರೆಯನ್ನು ದಾಟಿದ ಅನಿಲಗಳಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಕಬ್ಬಿಣದ ಅಯಾನುಗಳಿದ್ದರೆ ಅದು ಅತಿ ಚುರುಕಾಗಿ ಪ್ರತಿಕ್ರಿಯಿಸುವ ಹೈಡ್ರಾಕ್ಸಿಲ್ ರ್‍ಯಾಡಿಕಲ್‌ಗಳಾಗಿ ಒಡೆದು ಪಾಲಿಮರ್ ಸರಪಳಿಗಳನ್ನು ಕತ್ತರಿಸುತ್ತದೆ. ಹೀಗೆ ಪೆಡಸಾದ ಪೊರೆ ಬೇಗ ಬಿರಿಯುತ್ತದೆ, ಬಿರುಕು ಇನ್ನಷ್ಟು ಅನಿಲವನ್ನು ದಾಟಿಸುತ್ತದೆ. ಇದಕ್ಕೆ ಪೊರೆಯಲ್ಲಿ ಸೀರಿಯಂ ಎಂಬ ಲೋಹದ ಅಂಶ ಬೆರೆಸಿದ್ದೇವೆ ಎಂಬ ಉತ್ತರ ಪೂರೈಕೆದಾರರಿಂದ ಸಿಗಬಹುದು. ಅದು ರ್‍ಯಾಡಿಕಲ್‌ಗಳನ್ನು ತಡೆಯುತ್ತದೆಯೇ ಹೊರತು ಎಳೆತವನ್ನಲ್ಲ.

ಆದ್ದರಿಂದ ಒದ್ದೆ–ಒಣ ಆವರ್ತನದ ಪರೀಕ್ಷಾ ವಿವರಗಳನ್ನು ಕೇಳದೆ ಒಪ್ಪಿಗೆ ಕೊಡಬೇಡಿ. ಅಮೆರಿಕದ ಇಂಧನ ಇಲಾಖೆಯ ವಿಧಾನದಲ್ಲಿ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ನಿಮಿಷ ಒಣ, 2 ನಿಮಿಷ ಅತಿ ಆರ್ದ್ರ ಅನಿಲವನ್ನು ಹಾಯಿಸುತ್ತ, 20,000 ಆವರ್ತನಗಳಾಗುವವರೆಗೆ ಅಥವಾ ವಿದ್ಯುತ್ ಪ್ರವಾಹದ ರೂಪದಲ್ಲಿ ಅಳೆದ ಜಲಜನಕದ ದಾಟುವಿಕೆ ಚದರ ಸೆಂಟಿಮೀಟರಿಗೆ 15 ಮಿಲಿಆಂಪಿಯರ್ ಮೀರುವವರೆಗೆ ನಡೆಸುತ್ತಾರೆ. ಹಿಗ್ಗಿಸಿದ ಪಿಟಿಎಫ್‌ಇ (ಟೆಫ್ಲಾನ್ ಪ್ಲಾಸ್ಟಿಕ್) ಹಾಳೆಯಿಂದ ಬಲಪಡಿಸಿದ ಪೊರೆಗಳನ್ನೂ ಹೋಲಿಸಿ ನೋಡಿ, ನಿಮ್ಮದೇ ಗ್ಯಾಸ್ಕೆಟ್, ನಿಮ್ಮದೇ ಬಿಗಿತದಲ್ಲಿ. ವೋಲ್ಟೇಜ್ ಕುಸಿಯುವ ಹೊತ್ತಿಗೆ ಹಾನಿ ಸಾಕಷ್ಟು ಮುಂದುವರಿದಿರುತ್ತದೆ, ಹಾಗಾಗಿ ಜಲಜನಕದ ದಾಟುವಿಕೆಯನ್ನು ಮೊದಲ ದಿನದಿಂದಲೇ ನಿಯಮಿತವಾಗಿ ಅಳೆದು ದಾಖಲಿಸಿ.